ಅರ್ಧಕ್ಕೆ ನಿಂತ ಆಲೆಮನೆ

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಶಿಕ್ಷಕರ ಸಮಾವೇಶವೊಂದಕ್ಕೆ ನನ್ನನ್ನೂ ಕರೆದಿದ್ದರು. ನಿವೃತ್ತರನ್ನು ಕರೆದು, ಶಾಲು ಹೊದಿಸಿ, ಎರಡು ಮಾತು ಆಡಿಸಿ ಕಳುಹಿಸುವುದು ಒಂದು ಪದ್ಧತಿ. ಊಟದ ಹೊತ್ತಿನಲ್ಲಿ ಯುವ ಶಿಕ್ಷಕರೊಬ್ಬರು ಪಕ್ಕದಲ್ಲಿ ಕುಳಿತು ಬಹಳ ಉತ್ಸಾಹದಿಂದ ಹೇಳಿದರು: "ಸಾರ್, ನಮ್ಮೂರಿನ ಆಲೆಮನೆ, ಭೂಮಿ ಹುಣ್ಣಿಮೆ, ಯಕ್ಷಗಾನ ಎಲ್ಲವನ್ನೂ ಮಕ್ಕಳ ಕೈಯಲ್ಲೇ ಮೊಬೈಲಿನಲ್ಲಿ ಚಿತ್ರೀಕರಣ ಮಾಡಿಸಿ ಇಟ್ಟಿದ್ದೇನೆ. ನಲವತ್ತು ಗಂಟೆಯಷ್ಟಿದೆ. ಇನ್ನು ಏನೂ ಕಳೆದುಹೋಗುವುದಿಲ್ಲ."

"ಬಹಳ ಸಂತೋಷ. ಅದರಲ್ಲಿ ಮುಗಿಸಿದ್ದು ಎಷ್ಟು?" ಎಂದು ಕೇಳಿದೆ.

"ಮುಗಿಸುವುದು ಎಂದರೆ, ಸಾರ್?"

ಆ ಮಿತ್ರರನ್ನು ನೋಯಿಸುವ ಉದ್ದೇಶ ನನಗಿರಲಿಲ್ಲ. ಅವರು ನನಗಿಂತ ಹೆಚ್ಚು ಕೆಲಸ ಮಾಡಿದವರು. ಆದರೆ ಆ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಕಾಡಿತು. ಏಕೆಂದರೆ ಒಂದು ಚಿತ್ರವನ್ನು ಮುಗಿಸಲು ನನಗೆ ಮೂವತ್ತನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಅದನ್ನು ಮೊದಲು ನೋಡಬೇಕಾಗಿದ್ದ ವ್ಯಕ್ತಿ ತೀರಿಹೋಗಿದ್ದರು. ಚಿತ್ರೀಕರಿಸಿ ಇಟ್ಟುಕೊಂಡದ್ದನ್ನು ದಾಖಲೆ ಎಂದು ಕರೆಯುವ ಈಗಿನ ವಾಡಿಕೆಯ ಬಗ್ಗೆ ನನಗೊಂದು ತಕರಾರಿದೆ. ಅದನ್ನು ನನ್ನ ತಪ್ಪಿನ ಕಥೆಯ ಮೂಲಕವೇ ಹೇಳುವುದು ಪ್ರಾಮಾಣಿಕವೆಂದು ತೋರುತ್ತದೆ.

ನಾನು ಬಿ.ಎಡ್. ಮುಗಿಸಿ ಸಾಗರದ ಕಡೆಯ ಒಂದು ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಸೇರಿದ್ದು 1984ರಲ್ಲಿ. ಹೆಗ್ಗೋಡು ಅಲ್ಲಿಂದ ದೂರವಿರಲಿಲ್ಲ. 1973ರಲ್ಲಿ ಆರಂಭವಾದ ನೀನಾಸಂ ಚಿತ್ರಸಮಾಜ, ಕೆ. ವಿ. ಸುಬ್ಬಣ್ಣನವರ ಹಟದಿಂದಾಗಿ, ಅಡಕೆ ತೋಟಗಳ ನಡುವಿನ ಆ ಪುಟ್ಟ ಊರಿನಲ್ಲಿ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸುತ್ತಿತ್ತು. ಹದಿನಾರು ಮಿಲಿಮೀಟರ್ ಪ್ರೊಜೆಕ್ಟರಿನ ಕಟಕಟ ಸದ್ದಿನ ನಡುವೆ ಕುಳಿತು ಚಿತ್ರ ನೋಡುವಾಗ ನನ್ನಂಥ ಅವಿವಾಹಿತ ಮೇಷ್ಟರಿಗೆ 'ಇದನ್ನು ನಾವೂ ಮಾಡಬಹುದಲ್ಲ' ಎಂಬ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಚಿತ್ರಮಂದಿರದ ಸಿನಿಮಾಗಳು ಮೂವತ್ತೈದು ಮಿಲಿಮೀಟರ್ ಅಗಲದ ಫಿಲ್ಮಿನವು. ಅದು ನಮ್ಮ ಕೈಗೆ ಎಟುಕುವ ಮಾತಲ್ಲ. ಮನೆಮಂದಿಯ ಉಪಯೋಗಕ್ಕೆಂದು ಕೊಡಾಕ್ ಕಂಪನಿ 1923ರಲ್ಲಿ ಹದಿನಾರು ಮಿಲಿಮೀಟರ್ ಫಿಲ್ಮನ್ನು ತಂದಿತು. ಅದೂ ದುಬಾರಿಯೆನಿಸಿ 1932ರಲ್ಲಿ ಎಂಟು ಮಿಲಿಮೀಟರ್ ಬಂತು. ಅದರ ಉಪಾಯ ಬಲು ಸೊಗಸಾದದ್ದು. ಫಿಲ್ಮಿನ ಅಗಲ ಹದಿನಾರೇ. ಆದರೆ ಮೊದಲ ಸಲ ಅದರ ಒಂದು ಅರ್ಧದ ಮೇಲೆ ಮಾತ್ರ ಚಿತ್ರ ಬೀಳುತ್ತದೆ. ಇಪ್ಪತ್ತೈದು ಅಡಿ ಮುಗಿದ ಮೇಲೆ ಕ್ಯಾಮೆರಾ ತೆರೆದು ಸುರುಳಿಯನ್ನು ಮಗುಚಿ ಹಾಕಿದರೆ ಇನ್ನೊಂದು ಅರ್ಧದ ಮೇಲೆ ಬೀಳುತ್ತದೆ. ಸಂಸ್ಕರಣೆಯಾದ ಮೇಲೆ ಉದ್ದಕ್ಕೆ ಸೀಳಿ ಒಂದಕ್ಕೊಂದು ಜೋಡಿಸಿದರೆ ಐವತ್ತು ಅಡಿ, ಅಂದರೆ 4,000 ಫ್ರೇಮು. ಸೆಕೆಂಡಿಗೆ ಹದಿನಾರರಂತೆ ಓಡಿಸಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡು. 1965ರಲ್ಲಿ ಬಂದ ಸೂಪರ್ ಎಂಟರಲ್ಲಿ ಈ ಮಗುಚುವ ತಾಪತ್ರಯವಿರಲಿಲ್ಲ. ಆದರೆ ನನಗೆ ಸಿಕ್ಕಿದ್ದು ಹಳೆಯ ಪದ್ಧತಿಯದೇ, ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡ ಸೋವಿಯತ್ ದೇಶದ ಕ್ವಾರ್ಟ್ಸ್ ಕ್ಯಾಮೆರಾ. ಬ್ಯಾಟರಿ ಬೇಡ. ಗಡಿಯಾರಕ್ಕೆ ಕೊಟ್ಟಂತೆ ಕೀಲಿ ಕೊಟ್ಟರೆ ಸುಮಾರು ಅರ್ಧ ನಿಮಿಷ ಓಡುತ್ತಿತ್ತು. ಫಿಲ್ಮು ಪೂರ್ವ ಜರ್ಮನಿಯ ಓರ್ವೋ, ಕಪ್ಪುಬಿಳುಪಿನದು. ಸಂಸ್ಕರಣೆಯ ಖರ್ಚೂ ಸೇರಿ ಒಂದು ಸುರುಳಿಗೆ ನನ್ನ ಸಂಬಳದ ಹತ್ತನೆಯ ಒಂದು ಪಾಲು ಹೋಗುತ್ತಿತ್ತು. ಆರು ಸುರುಳಿ ಕೊಂಡೆ. ಅದೇ ನಮ್ಮ ಒಟ್ಟು ಬಂಡವಾಳ. ಸಹಾಯ ಕೋರಿ ಒಂದು ಕಚೇರಿಗೆ ಬರೆದ ಅರ್ಜಿಗೆ ಇಂದಿಗೂ ಉತ್ತರ ಬಂದಿಲ್ಲ. ಬರಬಹುದೆಂಬ ನಿರೀಕ್ಷೆಯನ್ನು ಈಗ ಬಿಟ್ಟಿದ್ದೇನೆ.

ವಿಷಯ ಆಲೆಮನೆ. (ಅದೇ ಹೆಸರಿನ ಕನ್ನಡ ಚಿತ್ರ 1981ರಲ್ಲಿ ಬಂದಿತ್ತು. ನಮ್ಮದಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮದರಲ್ಲಿ ನಾಯಕಿಯೂ ಇಲ್ಲ, ಹಾಡೂ ಇಲ್ಲ, ಎರಡು ಕೋಣಗಳಿದ್ದವು.) 1987ರ ಫೆಬ್ರುವರಿಯಲ್ಲಿ ಒಂಬತ್ತನೆಯ ತರಗತಿಯ ಏಳು ಹುಡುಗರು, ನಾಲ್ಕು ಹುಡುಗಿಯರೊಂದಿಗೆ ಹತ್ತಿರದ ಹಳ್ಳಿಯ ಆಲೆಮನೆಗೆ ಹೋದೆ. ಕಬ್ಬು ಕಡಿಯುವುದರಿಂದ ಹಿಡಿದು ಕೋಣಗಳು ಗಾಣ ತಿರುಗಿಸುವುದು, ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸೋಸುವುದು, ಹೊಲಸು ತೆಗೆಯುವುದು, ಪಾಕ ಇಳಿಸಿ ಜೋನಿಬೆಲ್ಲವನ್ನು ಡಬ್ಬಕ್ಕೆ ತುಂಬುವುದರವರೆಗೆ ಎಲ್ಲವನ್ನೂ ಹಿಡಿಯಬೇಕೆಂಬುದು ನಮ್ಮ ಯೋಜನೆ.

ಆ ಆಲೆಮನೆಯಲ್ಲಿ ಪಾಕ ನೋಡುವವರು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ. ಮಕ್ಕಳು ಅವರನ್ನು ಪಾಕದಜ್ಜ ಎಂದೇ ಕರೆಯುತ್ತಿದ್ದರು. ಜೋನಿಬೆಲ್ಲವನ್ನು ಅಚ್ಚುಬೆಲ್ಲಕ್ಕಿಂತ ತುಸು ಮೊದಲೇ ಒಲೆಯಿಂದ ಇಳಿಸಬೇಕು. ತಡವಾದರೆ ಗಟ್ಟಿಯಾಗುತ್ತದೆ, ಅವಸರವಾದರೆ ಮಳೆಗಾಲದಲ್ಲಿ ಹುಳಿಯುತ್ತದೆ. ಇಡೀ ವರ್ಷದ ಬೆಲ್ಲ ಆ ಕೆಲವು ಕ್ಷಣಗಳ ತೀರ್ಮಾನದ ಮೇಲೆ ನಿಂತಿರುತ್ತದೆ. ತೆಂಗಿನ ಗೆರಟೆಯಲ್ಲಿ ತಣ್ಣೀರಿಟ್ಟುಕೊಂಡು, ಅದಕ್ಕೆ ಒಂದು ತೊಟ್ಟು ಪಾಕ ಬಿಟ್ಟು, ಎರಡು ಬೆರಳಿನ ನಡುವೆ ಉರುಟಿ ನೋಡುವುದನ್ನು ಅಜ್ಜ ನಮಗಾಗಿ ಮೂರು ಸಲ ಮಾಡಿ ತೋರಿಸಿದರು.

ತೊಂದರೆ ಎದುರಾದದ್ದು ಬೆಳಕಿನದು. ನಮ್ಮ ಫಿಲ್ಮಿನ ವೇಗ 25 ಎ.ಎಸ್.ಎ. ಇಂದಿನ ಸಾಧಾರಣ ಮೊಬೈಲುಗಳು ಅದರ ನೂರು ಪಾಲು ಸೂಕ್ಷ್ಮತೆಯಲ್ಲಿ ಕತ್ತಲೆಯನ್ನೂ ಹಿಡಿಯುತ್ತವೆ. ನಮ್ಮ ಫಿಲ್ಮಿಗೋ ಸೋಗೆಯ ಮಾಡಿನ ಕೆಳಗಿನ ಕೊಪ್ಪರಿಗೆ ಬರೀ ಕಪ್ಪು ಗುಂಡಿಯಾಗಿ ಕಾಣುತ್ತಿತ್ತು. ಸಂಕೋಚದಿಂದಲೇ ಅಜ್ಜನಿಗೆ ಹೇಳಿದೆ. ಅವರು ಒಂದು ಮಾತೂ ಆಡದೆ ಮಗನನ್ನು ಕರೆದು ಪೂರ್ವ ದಿಕ್ಕಿನ ಸೋಗೆಯನ್ನೆಲ್ಲ ಬಿಚ್ಚಿಸಿದರು. ಬೆಳಗಿನ ಬಿಸಿಲು ನೇರವಾಗಿ ಹಬೆಯ ಮೇಲೆ ಬಿತ್ತು. ರಾತ್ರಿ ಇಳಿಸಬೇಕಾಗಿದ್ದ ಒಂದು ಪಾಕವನ್ನು ನಮಗಾಗಿ ಬೆಳಗ್ಗೆ ಒಂಬತ್ತಕ್ಕೆ ಇಳಿಸಿದರು. ಅದರಿಂದ ಅವರ ಅಂದಿನ ಸರದಿಯೇ ಹಿಂದುಮುಂದಾಯಿತೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಸುರುಳಿ ಬದಲಿಸುವುದು ಕಂಬಳಿಯ ಮರೆಯಲ್ಲಿ. ಈ ಗಡಿಬಿಡಿಯಲ್ಲಿ ಒಬ್ಬ ಹುಡುಗ ಮುಗಿದಿದ್ದ ಸುರುಳಿಯನ್ನೇ ಹೊಸದೆಂದು ತಿಳಿದು ಮತ್ತೆ ತುಂಬಿಸಿಕೊಟ್ಟ. ಎರಡೂ ಬದಿ ಎರಡೆರಡು ಸಲ ಓಡಿತು. ಆರು ವಾರಗಳ ನಂತರ ಅಂಚೆಯಲ್ಲಿ ಬಂದ ಆ ಸುರುಳಿಯಲ್ಲಿ ಕಬ್ಬಿನ ಗದ್ದೆಯ ಮೇಲಿನ ಆಕಾಶದಲ್ಲಿ ಎರಡು ಕೋಣಗಳು ಗಂಭೀರವಾಗಿ ಸುತ್ತು ಬರುತ್ತಿದ್ದವು. ಮಕ್ಕಳಿಗೆ ಇಡೀ ಚಿತ್ರದಲ್ಲಿ ಬಹಳ ಇಷ್ಟವಾದದ್ದು ಅದೇ. ನನಗೆ ಮಾತ್ರ ಒಂದು ಸುರುಳಿ ಹಾಳಾಯಿತೆಂಬ ಕೋಪ. ಉಳಿದದ್ದು ಐದು ಸುರುಳಿ, 20,000 ಫ್ರೇಮು, ಇಪ್ಪತ್ತೊಂದು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

ಹೊರಡುವ ದಿನ ಅಜ್ಜ ಕೇಳಿದರು: "ಎಲ್ಲಾ ಹಿಡ್ಕಂಡ್ರಲ್ಲ ಮೇಷ್ಟ್ರೇ, ಒಂದಿನ ನಂಗೂ ತೋರ್ಸಿ."

"ಈ ಮಳೆಗಾಲ ಕಳೆಯುವುದರೊಳಗೆ ತೋರಿಸುತ್ತೇನೆ, ಅಜ್ಜ" ಎಂದು ಮಾತು ಕೊಟ್ಟು ಬಂದೆ.

ಆಗ ನನ್ನ ಬಳಿ ಸಂಕಲನಕ್ಕೆ ಬೇಕಾದ ಒಂದು ಸಾಮಾನೂ ಇರಲಿಲ್ಲ. ಅದನ್ನು ಕೊಳ್ಳಲು ಹಣವನ್ನೂ ಉಳಿಸಿಕೊಂಡಿರಲಿಲ್ಲ. ಇದ್ದದ್ದನ್ನೆಲ್ಲ ಫಿಲ್ಮಿಗೆ ಸುರಿದಿದ್ದೆ. ಮದುವೆಗೆ ಚಪ್ಪರ ಹಾಕಿಸಿ ಊಟಕ್ಕೆ ಅಕ್ಕಿ ಮರೆತವನ ಸ್ಥಿತಿ. ಎರಡು ವರ್ಷ ಕಳೆದ ಮೇಲೆ, 1989ರಲ್ಲಿ, ಅದೇ ಬೆಂಗಳೂರಿನ ಅಂಗಡಿಯಲ್ಲಿ ಒಂದು ವ್ಯೂವರ್ ಮತ್ತು ಒಂದು ಸ್ಪ್ಲೈಸರ್ ಸಿಕ್ಕವು. ವ್ಯೂವರ್ ಎಂದರೆ ಅಂಗೈಯಗಲದ ಪರದೆಯಿರುವ ಸಣ್ಣ ಪೆಟ್ಟಿಗೆ. ಎರಡು ಬದಿಯ ಹಿಡಿಗಳನ್ನು ತಿರುಗಿಸಿದಂತೆ ಚಿತ್ರ ಹಿಂದೆ ಮುಂದೆ ಸರಿಯುತ್ತದೆ. ಕತ್ತರಿಸಬೇಕಾದ ಜಾಗ ಕಂಡಾಗ ಅಂಚಿನಲ್ಲಿ ಗುರುತು ಹಾಕಿ, ಸ್ಪ್ಲೈಸರಿನಲ್ಲಿಟ್ಟು ಕತ್ತರಿಸಿ, ಒಂದು ತುದಿಯ ಲೇಪವನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಇನ್ನೊಂದು ತುದಿಯನ್ನು ಅದರ ಮೇಲಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಈ ಅಂಟು ಸಾಮಾನ್ಯ ಗೋಂದಲ್ಲ. ಅದು ಫಿಲ್ಮಿನ ಮೈಯನ್ನೇ ತುಸು ಕರಗಿಸಿ ಎರಡನ್ನೂ ಬೆಸೆಯುತ್ತದೆ. ಪ್ರತಿ ಬೆಸುಗೆಗೂ ಒಂದೊಂದು ಫ್ರೇಮು ಬಲಿ. ಶಾಲೆಯ ಪ್ರಯೋಗಾಲಯದ ಗೋಡೆಗೆ ಒಂದು ಹಲಗೆ ಬಡಿದು, ಮೊಳೆಗಳಿಗೆ ಫಿಲ್ಮಿನ ತುಂಡುಗಳನ್ನು ತೂಗುಹಾಕಿ, ಕೆಳಗೆ ಒಗೆದ ಪಂಚೆಯ ಚೀಲ ಕಟ್ಟಿ, ಪ್ರತಿ ತುಂಡಿಗೂ ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸಿದೆವು. 'ಕೋಣ, ಎಡದಿಂದ.' 'ಹಾಲು, ಹತ್ತಿರ.' 'ಅಜ್ಜ, ಗೆರಟೆ.' ಇಷ್ಟೇ ನಮ್ಮ ಸಂಕಲನ ಕೊಠಡಿ. ಎರಡೂ ಉಪಕರಣಗಳಿಗೆ ಸೇರಿ ಒಂದು ಸುರುಳಿ ಫಿಲ್ಮಿನ ಬೆಲೆಗಿಂತ ತುಸು ಹೆಚ್ಚು ಕೊಟ್ಟಿದ್ದೆನಷ್ಟೆ. 1987ರಲ್ಲೇ ಒಂದು ಸುರುಳಿ ಕಡಿಮೆ ಕೊಂಡಿದ್ದರೆ ಸಾಕಾಗಿತ್ತು.

ಇಲ್ಲಿ ಒಂದು ಮಾತು ತಿಳಿಸಬೇಕು. ನಮ್ಮದು ನೆಗೆಟಿವ್ ಇಲ್ಲದ ಫಿಲ್ಮು. ಕ್ಯಾಮೆರಾದಲ್ಲಿ ಓಡಿದ್ದೇ ಪ್ರೊಜೆಕ್ಟರಿನಲ್ಲೂ ಓಡುವುದು. ಇರುವುದೊಂದೇ ಪ್ರತಿ. ಕತ್ತರಿ ಹಾಕಿದರೆ ಹಾಕಿದಂತೆಯೇ. ಒಂದು ಗೀರು ಬಿದ್ದರೆ ಅದು ಶಾಶ್ವತ. ಹೀಗಾಗಿ ಒಂದು ತುಂಡನ್ನು ತೆಗೆಯುವ ಮುನ್ನ ನಾವು ಹನ್ನೆರಡು ಜನ ಅರ್ಧ ಗಂಟೆ ವಾದ ಮಾಡುತ್ತಿದ್ದೆವು. ಯಾವುದು ಮೊದಲು ಬರಬೇಕು, ಏಕೆ ಬರಬೇಕು, ಇದಿಲ್ಲದಿದ್ದರೆ ನೋಡುವವನಿಗೆ ಏನು ತಿಳಿಯುವುದಿಲ್ಲ ಎಂದು ಆ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಪ್ರಬಂಧ ರಚನೆಯ ತರಗತಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಆದರೂ 'ಹಿಂದಿನದೇ ಚೆಂದ' ಎಂಬ ರಾಗ ಹಾಡಲು ನಾನು ಸಿದ್ಧನಿಲ್ಲ. ಇಂದು ಯಾವ ಶಾಲೆಯಾದರೂ ಕೇಳಿದರೆ ಮೊಬೈಲಿನಲ್ಲೇ ಮಾಡಿ ಎನ್ನುತ್ತೇನೆ. ಫಿಲ್ಮಿನ ಮೋಹ ಈಗ ಉಳ್ಳವರ ಆಟವಾಗಿದೆ. ಕೊಡಾಕ್ 2016ರಲ್ಲಿ ಘೋಷಿಸಿದ ಹೊಸ ಸೂಪರ್ ಎಂಟು ಕ್ಯಾಮೆರಾ ವರ್ಷಗಟ್ಟಲೆ ಕಾಯಿಸಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 5,000 ಡಾಲರಿಗೂ ಮಿಕ್ಕಿತ್ತು. ಬಡವರ ಸಿನಿಮಾ ಎನಿಸಿಕೊಂಡಿದ್ದ ಅಳತೆಗೆ ಬಂದ ಗತಿ ಇದು!

1989ರ ಕೊನೆಗೆ ಇಪ್ಪತ್ತೊಂದು ನಿಮಿಷ ಹದಿನಾಲ್ಕಕ್ಕೆ ಇಳಿದಿತ್ತು. ಬೇಡವೆಂದು ತೆಗೆದ ತುಂಡುಗಳನ್ನು ಎಸೆಯಲು ಮನಸ್ಸು ಬಾರದೆ ಬೇರೆ ಸುರುಳಿಗೆ ಸುತ್ತಿ 'ಬೇಡವಾದವು' ಎಂದು ಡಬ್ಬಿಯ ಮೇಲೆ ಬರೆದಿಟ್ಟೆ. ಇನ್ನೇನು ಉಳಿದಿತ್ತು? ಶೀರ್ಷಿಕೆಯ ಫಲಕಗಳು. ಕಬ್ಬು ನೆಡುವ ಒಂದು ದೃಶ್ಯ. ಅದಕ್ಕೆ ಇನ್ನೊಂದೇ ಸುರುಳಿ ಬೇಕಿತ್ತು. ಮುಂದಿನ ವರ್ಷ ಕೊಂಡರಾಯಿತು ಎಂದುಕೊಂಡೆ. 1990ರಲ್ಲಿ ವರ್ಗಾವಣೆಯಾಯಿತು. ಮದುವೆಯಾಯಿತು. ಮಕ್ಕಳು, ಮನೆ, ಪರೀಕ್ಷೆಯ ಮೌಲ್ಯಮಾಪನ. 1992ರ ಬೇಸಿಗೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬರೆದ ಕಾರ್ಡಿನ ಕೊನೆಯ ಸಾಲಿನಲ್ಲಿ ಪಾಕದಜ್ಜ ಹೋದರೆಂಬ ಸುದ್ದಿಯಿತ್ತು.

ಆ ಹದಿನಾಲ್ಕು ನಿಮಿಷವನ್ನು ನಾನು ಅವರಿಗೆ ತೋರಿಸಬಹುದಿತ್ತು. ಪ್ರೊಜೆಕ್ಟರ್ ಎರವಲು ಸಿಗುತ್ತಿತ್ತು. ಅಪೂರ್ಣವಾದದ್ದನ್ನು ತೋರಿಸಬಾರದೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಇದ್ದೊಂದು ಪ್ರತಿಗೆ ಗೀರು ಬಿದ್ದೀತೆಂಬ ಭಯವೂ ಇತ್ತು. ಈಗ ಯೋಚಿಸಿದರೆ ಅದು ಶುದ್ಧ ಅಹಂಕಾರ. ಅಜ್ಜ ಕೇಳಿದ್ದು ಶೀರ್ಷಿಕೆಯ ಫಲಕವನ್ನಲ್ಲ.

ಹಣವಿಲ್ಲದ್ದರಿಂದ ಚಿತ್ರ ನಿಂತಿತು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಅದು ಸುಳ್ಳೆಂದು ತೋರಿಸುವ ಉದಾಹರಣೆಗಳು ಬೇಕಾದಷ್ಟಿವೆ. ಸ್ಟೀವನ್ ಸ್ಪೀಲ್‌ಬರ್ಗ್ ಹದಿನೇಳರ ಹುಡುಗನಾಗಿದ್ದಾಗ ಎಂಟು ಮಿಲಿಮೀಟರಿನಲ್ಲಿ 'ಫೈರ್‌ಲೈಟ್' ಎಂಬ ಪೂರ್ಣ ಪ್ರಮಾಣದ ಚಿತ್ರವನ್ನು ಸುಮಾರು 500 ಡಾಲರಿನಲ್ಲಿ ಮುಗಿಸಿ, 1964ರಲ್ಲಿ ಊರಿನ ಸಭಾಂಗಣದಲ್ಲಿ ಟಿಕೆಟ್ಟಿಟ್ಟು ತೋರಿಸಿದ. ಇಂದು ಅದರಲ್ಲಿ ಉಳಿದಿರುವುದು ಕೆಲವೇ ನಿಮಿಷ. ಇರಲಿ, ತೋರಿಸಬೇಕಾದವರಿಗೆ ತೋರಿಸಿಯಾಗಿತ್ತು. ಸ್ಟ್ಯಾನ್ ಬ್ರಾಖೇಜ್ ಎಂಬ ಅಮೆರಿಕದ ಪ್ರಯೋಗಶೀಲ ನಿರ್ದೇಶಕನ ಹದಿನಾರು ಮಿಲಿಮೀಟರಿನ ಉಪಕರಣಗಳು 1964ರಲ್ಲಿ ಕಳವಾದವು. ಆತ ಅಗ್ಗದ ಎಂಟು ಮಿಲಿಮೀಟರ್ ಕ್ಯಾಮೆರಾ ಕೊಂಡು, ಮುಂದಿನ ಐದು ವರ್ಷಗಳಲ್ಲಿ 'ಸಾಂಗ್ಸ್' ಎಂಬ ಚಿತ್ರಮಾಲೆಯನ್ನೇ ಮಾಡಿದ. ರಾಬರ್ಟ್ ರಾಡ್ರಿಗಜ್‌ನ 'ಎಲ್ ಮರಿಯಾಚಿ' (1992) ಹದಿನಾರು ಮಿಲಿಮೀಟರಿನದು. ಖರ್ಚು 7,000 ಡಾಲರಿನ ಆಸುಪಾಸು. ಬಹುತೇಕ ದೃಶ್ಯಗಳಿಗೆ ಒಂದೇ ಟೇಕ್. ಆತ ಫಿಲ್ಮನ್ನು ಕತ್ತರಿಸಲು ಹೋಗಲೇ ಇಲ್ಲ. ವಿಡಿಯೋಗೆ ಇಳಿಸಿಕೊಂಡು, ಸಾಧಾರಣ ವಿಡಿಯೋ ಉಪಕರಣಗಳಲ್ಲಿ ಸಂಕಲನ ಮಾಡಿ ಮುಗಿಸಿದ. ಚಿತ್ರಮಂದಿರಕ್ಕೆ ತಕ್ಕ ಪ್ರತಿ ತೆಗೆಯುವ ಖರ್ಚು ಆಮೇಲೆ ಅದನ್ನು ಕೊಂಡ ದೊಡ್ಡ ಕಂಪನಿಯ ಪಾಲಿಗೆ ಬಂತು. ನಾನು ಒಂದು ಸುರುಳಿಗಾಗಿ ಕಾಯುತ್ತಾ ಕುಳಿತಿದ್ದ ವರ್ಷಗಳಲ್ಲೇ ಇದು ನಡೆದದ್ದೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ವಿಡಿಯೋ ದಾರಿಯನ್ನು ನಾನೂ ಹಿಡಿದದ್ದುಂಟು, 1996ರಲ್ಲಿ. ಮದುವೆಗಳ ವಿಡಿಯೋ ತೆಗೆಯುವ ಒಬ್ಬರ ಅಂಗಡಿಯಲ್ಲಿ ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಚಿತ್ರ ಓಡಿಸಿ ಎದುರಿಗೆ ವಿಡಿಯೋ ಕ್ಯಾಮೆರಾ ಇಟ್ಟೆವು. ಟಿ.ವಿ.ಯಲ್ಲಿ ನೋಡಿದರೆ ಇಡೀ ಚಿತ್ರ ಸೆಕೆಂಡಿಗೆ ಎರಡು ಸಲ ಕಣ್ಣು ಮಿಟುಕಿಸುತ್ತಿತ್ತು! ಮನೆಗೆ ಬಂದು ಲೆಕ್ಕ ಹಾಕಿದೆ. ಪ್ರೊಜೆಕ್ಟರಿನ ಷಟರಿಗೆ ಮೂರು ರೆಕ್ಕೆ. ಹದಿನಾರು ಫ್ರೇಮಿಗೆ ಸೆಕೆಂಡಿಗೆ ನಲವತ್ತೆಂಟು ಮಿನುಗು. ನಮ್ಮ ದೇಶದ ವಿಡಿಯೋ ಪದ್ಧತಿಯದು ಸೆಕೆಂಡಿಗೆ ಐವತ್ತು. ಐವತ್ತರಲ್ಲಿ ನಲವತ್ತೆಂಟು ಕಳೆದರೆ ಎರಡು. ಶ್ರುತಿ ಸೇರದ ಎರಡು ತಂಬೂರಿಗಳ ನಡುವೆ ಏಳುವ ಅಲೆಯಂತೆಯೇ ಇದೂ. ಪ್ರೊಜೆಕ್ಟರನ್ನು ಸೆಕೆಂಡಿಗೆ ಹದಿನಾರೂ ಮುಕ್ಕಾಲಿಗಿಂತ ತುಸು ಕಡಿಮೆ, ಅಂದರೆ ಹದಿನಾರೂ ಮೂರನೆಯ ಎರಡು ಫ್ರೇಮಿನಂತೆ ಓಡಿಸಿದರೆ ಮೂರರಷ್ಟು ಸರಿಯಾಗಿ ಐವತ್ತಾಗುತ್ತದೆ. ಪ್ರಯೋಗಾಲಯದ ರಿಯೋಸ್ಟಾಟ್ ಜೋಡಿಸಿ ವೇಗ ಹೊಂದಿಸಿದೆ. ಮಿಟುಕು ನಿಂತಿತು! ಅಂದಿನ ಸಂತೋಷವನ್ನು ಏನೆಂದು ಹೇಳಲಿ. ಆ ಸಂತೋಷದಲ್ಲೇ ತೃಪ್ತನಾಗಿ ಚಿತ್ರವನ್ನು ಮತ್ತೆ ಮರೆತೆ. ಆ ವಿ.ಎಚ್.ಎಸ್. ಟೇಪು ಮಲೆನಾಡಿನ ಮಳೆಗೆ ಬೂಷ್ಟು ಹಿಡಿದು ಹೋಯಿತು.

2020ರಲ್ಲಿ ನಿವೃತ್ತನಾದೆ. ಹೊರಗೆ ಹೋಗುವಂತಿಲ್ಲದ ಆ ದಿನಗಳಲ್ಲಿ ಅಟ್ಟದ ಪೆಟ್ಟಿಗೆ ಕೆಳಗಿಳಿಸಿ ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರಿನ ವಾಸನೆ ಮೂಗಿಗೆ ಹೊಡೆಯಿತು. ಇದು ಅಸಿಟೇಟ್ ಫಿಲ್ಮಿಗೆ ಬರುವ ರೋಗ. ಶಾಖ ಮತ್ತು ತೇವದಿಂದ ಫಿಲ್ಮಿನ ಮೈ ಒಡೆದು ಅಸಿಟಿಕ್ ಆಮ್ಲ ಹೊರಬರುತ್ತದೆ. ಹೊರಬಂದ ಆಮ್ಲವೇ ಉಳಿದ ಭಾಗವನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಗಾಳಿಯಾಡದಂತೆ ಮುಚ್ಚಿಟ್ಟರೆ ಭದ್ರವೆಂದು ನಾನು ಡಬ್ಬಿಗೆ ಅಂಟುಪಟ್ಟಿ ಸುತ್ತಿದ್ದೆನಲ್ಲ, ಅದೇ ಮುಳುವಾಯಿತು. ಫಿಲ್ಮು ಕುಗ್ಗಿತ್ತು, ಬಿಲ್ಲಿನಂತೆ ಬಾಗಿತ್ತು. ಪ್ರೊಜೆಕ್ಟರಿನ ಹಲ್ಲಿಗೆ ತೂತುಗಳು ಹೊಂದುತ್ತಿರಲಿಲ್ಲ. ಓಡಿಸಿದರೆ ಹರಿದೇ ಹೋಗುತ್ತಿತ್ತು.

ಅಂದು ಸುರುಳಿಯನ್ನು ಎರಡು ಸಲ ಓಡಿಸಿ ಹಾಳುಮಾಡಿದ ಹುಡುಗನನ್ನೇ ನೆನಪಿಸಿಕೊಂಡೆ. ಆತ ಈಗ ಬೆಂಗಳೂರಿನಲ್ಲಿ ಎಂಜಿನಿಯರ್, ಐವತ್ತರ ಹತ್ತಿರದ ಗೃಹಸ್ಥ. "ಸಾರ್, ನನ್ನ ಸಾಲ ತೀರಿಸಲು ಒಂದು ಅವಕಾಶ ಕೊಟ್ಟಿರಿ" ಎಂದು ನಕ್ಕ. ಹಳೆಯ ಪ್ರೊಜೆಕ್ಟರೊಂದರ ಹಲ್ಲುಗಾಲಿಗಳನ್ನು ತೆಗೆದು ನುಣುಪಾದ ಉರುಳೆಗಳನ್ನು ಹಾಕಿದ. ಬಿಸಿಯಾಗುವ ದೀಪದ ಬದಲು ಎಲ್.ಇ.ಡಿ. ಇಟ್ಟ. ನಿಧಾನಕ್ಕೆ ತಿರುಗುವ ಮೋಟಾರು, ಎದುರಿಗೆ ಮ್ಯಾಕ್ರೋ ಲೆನ್ಸಿನ ಡಿಜಿಟಲ್ ಕ್ಯಾಮೆರಾ. ಒಂದೊಂದು ಫ್ರೇಮನ್ನೂ ಒಂದೊಂದು ಭಾವಚಿತ್ರದಂತೆ ತೆಗೆಯುವ ಯಂತ್ರ ಸಿದ್ಧವಾಯಿತು. ಕ್ಯಾಮೆರಾ ಅವನಲ್ಲೇ ಇದ್ದುದರಿಂದ ಮಿಕ್ಕ ಖರ್ಚು ಹದಿನೆಂಟು ಸಾವಿರ. 'ಬೇಡವಾದವು' ಸುರುಳಿಯೂ ಸೇರಿ ಎಲ್ಲವೂ ಕಂಪ್ಯೂಟರಿಗೆ ಇಳಿಯಲು ಒಂಬತ್ತು ರಾತ್ರಿಗಳು ಬೇಕಾದವು. ಸಂಕಲನದ ತಂತ್ರಾಂಶಕ್ಕೆ ಮಾತ್ರ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್ ಮುಂತಾದವು ಯಾರಿಗೆ ಬೇಕಾದರೂ ಸಿಗುತ್ತವೆ. 1989ರಲ್ಲಿ ದೊಡ್ಡ ಸ್ಟುಡಿಯೋಗಳಲ್ಲೂ ಇಲ್ಲದಿದ್ದ ಅನುಕೂಲ ಇಂದು ನನ್ನ ಊಟದ ಮೇಜಿನ ಮೇಲಿದೆ.

ಹಾಗಿದ್ದೂ ಕೆಲಸ ಸುಲಭವಾಗಲಿಲ್ಲ. ಕತ್ತರಿಸಿದ್ದನ್ನು ಕ್ಷಣದಲ್ಲಿ ಮರಳಿ ಜೋಡಿಸಬಹುದಾದ್ದರಿಂದ ಯಾವುದನ್ನೂ ತೀರ್ಮಾನಿಸದೆ ದಿನಗಟ್ಟಲೆ ಆಡುತ್ತಾ ಕೂತೆವು. ಒಂದೇ ಚಿತ್ರಕ್ಕೆ ಹದಿಮೂರು ಆವೃತ್ತಿಗಳಾದವು. ಕೊನೆಗೆ ದಸರೆಯ ಹಿಂದಿನ ಭಾನುವಾರ ಊರಿನಲ್ಲಿ ತೋರಿಸುತ್ತೇನೆಂದು ಅಜ್ಜನ ಮಗನಿಗೆ ಫೋನು ಮಾಡಿ ಹೇಳಿದೆ. ಆ ದಿನ ಗೊತ್ತಾದ ಮೇಲಷ್ಟೇ ಕೆಲಸ ಮುಂದೆ ಸರಿಯಿತು. ಸಮಾವೇಶದ ಮಿತ್ರರಿಗೂ ನಾನು ಹೇಳಿದ್ದು ಇದನ್ನೇ. ಚಿತ್ರೀಕರಣಕ್ಕೆ ಹೊರಡುವ ಮೊದಲೇ ತೋರಿಸುವ ದಿನವನ್ನೂ ನೋಡುವವರನ್ನೂ ಗೊತ್ತುಮಾಡಿಕೊಳ್ಳಿ. ಕಾಲವನ್ನೂ ಹಣವನ್ನೂ ಮೂರು ಪಾಲು ಮಾಡಿ, ಒಂದೇ ಪಾಲನ್ನು ಚಿತ್ರೀಕರಣಕ್ಕೆ ಕೊಡಿ. ನಲವತ್ತು ಗಂಟೆಯನ್ನು ಯಾವ ಊರಿನವರೂ ಕೂತು ನೋಡುವುದಿಲ್ಲ. ನೋಡದೆ ಡಿಸ್ಕಿನಲ್ಲಿ ಮಲಗಿರುವುದಕ್ಕೂ ನನ್ನ ಅಟ್ಟದ ಡಬ್ಬಿಗೂ ವ್ಯತ್ಯಾಸವೆಂದರೆ ವಿನೆಗರಿನ ವಾಸನೆ ಬಾರದಿರುವುದು ಮಾತ್ರ. ಹಾಳಾಗುತ್ತಿದೆಯೆಂದು ವಾಸನೆಯಾದರೂ ನನ್ನನ್ನು ಎಚ್ಚರಿಸಿತು.

ಶಿಷ್ಯನಿಗೂ ನನಗೂ ಒಂದು ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. ಕಪ್ಪುಬಿಳುಪಿಗೆ ತಾನಾಗಿಯೇ ಬಣ್ಣ ತುಂಬುವ, ಎರಡು ಫ್ರೇಮಿನ ನಡುವೆ ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ಚಲನೆಯನ್ನು ನಯಮಾಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿವೆಯಂತೆ. "ಈಗಿನ ಮಕ್ಕಳು ಕಪ್ಪುಬಿಳುಪನ್ನು ನೋಡುವುದಿಲ್ಲ ಸಾರ್, ಒಮ್ಮೆ ನೋಡಿ" ಎಂದು ಒಂದು ತುಣುಕನ್ನು ಮಾಡಿ ಕಳುಹಿಸಿದ. ಅಜ್ಜನ ಮುಖಕ್ಕೆ ಗುಲಾಬಿ ಛಾಯೆ, ಸೋಗೆಗೆ ಹಸಿರು, ಕೊಪ್ಪರಿಗೆಯಲ್ಲಿ ಕಾಫಿ ಡಿಕಾಕ್ಷನ್! ಜೋನಿಬೆಲ್ಲದ ಬಣ್ಣವನ್ನು ನೋಡಿಯೇ ಕೊಳ್ಳುವ ಊರು ನಮ್ಮದು. ಆ ಬಣ್ಣ ಮಣ್ಣಿನಿಂದ ಮಣ್ಣಿಗೆ, ಪಾಕದಿಂದ ಪಾಕಕ್ಕೆ ಬೇರೆ. ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಅದು ಊಹಿಸಿತು. ನೋಡುವವರು ಅದನ್ನು ಸತ್ಯವೆಂದು ನಂಬುತ್ತಾರೆ. ಬೇಡವೆಂದೆ. ಹಿನ್ನೆಲೆಗೆ ಕೊಳಲು ಬೇಡವೆಂದೆ. ಗಾಣದ ಕಿರುಗುಟ್ಟುವಿಕೆಯನ್ನಾದರೂ ಈಗ ಎಲ್ಲಿಂದಲೋ ಧ್ವನಿಮುದ್ರಿಸಿ ಸೇರಿಸೋಣವೆಂದ. ಅದನ್ನೂ ಬೇಡವೆಂದೆ. ಆತ ಎರಡು ದಿನ ಮಾತಾಡಲಿಲ್ಲ. ಗೀರುಗಳನ್ನು ಮಂದಗೊಳಿಸಲು, ನಡುಕ ನಿಲ್ಲಿಸಲು ಮಾತ್ರ ಒಪ್ಪಿಕೊಂಡೆ. ಇಷ್ಟನ್ನಾದರೂ ಏಕೆ ಒಪ್ಪಿದೆ, ಅಷ್ಟನ್ನು ಏಕೆ ಒಪ್ಪಲಿಲ್ಲ ಎಂದು ಆತ ಕೇಳಿದರೆ ನನ್ನಲ್ಲಿ ಪೂರ್ಣ ತರ್ಕವಿಲ್ಲ. ಗೀರು ನನ್ನ ತಪ್ಪಿನಿಂದ ಬಂದದ್ದು, ಬಣ್ಣವಿಲ್ಲದಿರುವುದು ಯಾರ ತಪ್ಪೂ ಅಲ್ಲ ಎಂದಷ್ಟೇ ಹೇಳಬಲ್ಲೆ.

ಹದಿನಾಲ್ಕು ನಿಮಿಷದ ಚಿತ್ರ ಕೊನೆಗೆ ಏಳು ನಿಮಿಷ ನಲವತ್ತು ಸೆಕೆಂಡಿಗೆ ನಿಂತಿತು. 2021ರ ಆ ಭಾನುವಾರ ಅಜ್ಜನ ಮನೆಯ ಜಗುಲಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಗಾಣ ತಿರುಗಿಸುವ ಕೋಣಗಳನ್ನು ಎಂದೂ ಕಾಣದ ಮೊಮ್ಮಕ್ಕಳು ನಕ್ಕರು. ತಮ್ಮ ತಾಯಿಯನ್ನು ಎಳೆಯ ವಯಸ್ಸಿನಲ್ಲಿ ಕಂಡ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಜ್ಜನ ಮಗನಿಗೂ ಈಗ ಎಪ್ಪತ್ತು ಸಮೀಪಿಸಿದೆ. ಕಂಬಕ್ಕೊರಗಿ ಒಂದು ಮಾತೂ ಆಡದೆ ನೋಡಿದರು. ಮುಗಿದ ಮೇಲೆ ಹತ್ತಿರ ಬಂದು, "ಎಲ್ಲಾ ಸರಿ ಮೇಷ್ಟ್ರೇ. ಆದ್ರೆ ಅಪ್ಪ ಪಾಕ ನೋಡಿದ್ದೇ ಇಲ್ವಲ್ಲ ಇದ್ರಲ್ಲಿ" ಎಂದರು.

ನಾನು ಅವಾಕ್ಕಾದೆ. ಗೆರಟೆಯ ನೀರಿಗೆ ತೊಟ್ಟು ಬಿಟ್ಟು ಬೆರಳಿನಲ್ಲಿ ಉರುಟುವ ದೃಶ್ಯವೇ ಚಿತ್ರದ ನಡುಭಾಗ. ಅದಕ್ಕೆ ಇಪ್ಪತ್ತಾರು ಸೆಕೆಂಡು ಕೊಟ್ಟಿದ್ದೆವು.

"ಅದು ನಿಮ್ಗೆ ತೋರ್ಸಕ್ಕೆ ಮಾಡಿದ್ದು. ಅಷ್ಟೊತ್ತಿಗೆ ಅಪ್ಪಂಗೆ ಗೊತ್ತಾಗಿರ್ತಿತ್ತು."

ಶಿಷ್ಯ ಲ್ಯಾಪ್‌ಟಾಪಿನಲ್ಲಿ ಆ ದಿನದ ಎಲ್ಲ ತುಂಡುಗಳನ್ನೂ ಒಂದೊಂದಾಗಿ ತೆರೆದು ತೋರಿಸಿದ. 'ಬೇಡವಾದವು' ಸುರುಳಿಯ ಒಂದು ತುಂಡು ಬಂದಾಗ ಅವರು ಬೆರಳು ತೋರಿಸಿ, "ಹಾಂ, ಇದು" ಎಂದರು. ನನಗೆ ಆ ತುಂಡು ಚೆನ್ನಾಗಿ ನೆನಪಿತ್ತು. ಕೊಪ್ಪರಿಗೆಯ ಪಕ್ಕ ನಿಂತ ಅಜ್ಜ ಇದ್ದಕ್ಕಿದ್ದಂತೆ ಕೊಪ್ಪರಿಗೆಯಿಂದಲೂ ಕ್ಯಾಮೆರಾದಿಂದಲೂ ಮುಖ ತಿರುಗಿಸಿ ಎತ್ತಲೋ ನೋಡುತ್ತಾ ನಿಲ್ಲುತ್ತಾರೆ. ಏನೂ ನಡೆಯುವುದಿಲ್ಲ. ಚೀಟಿಯಲ್ಲಿ ನಾನೇ 'ಅಜ್ಜ, ಗಮನ ಬೇರೆಡೆ' ಎಂದು ಬರೆದು ತೆಗೆಸಿದ್ದೆ.

"ಅಪ್ಪ ಕಿವಿ ಕೊಟ್ಟಿದಾನೆ ಮೇಷ್ಟ್ರೇ. ಪಾಕ ಬರೋವಾಗ ಕುದಿಯೋ ಸದ್ದು ದಪ್ಪ ಆಗ್ತದೆ. ಹಬೇಲಿ ಕಣ್ಣಿಗೆ ಏನ್ ಕಾಣ್ತದೆ?"

ಜಗುಲಿಯಲ್ಲೇ ಕೂತು ಆ ತುಂಡನ್ನು ಗೆರಟೆಯ ದೃಶ್ಯದ ಮೊದಲಿಗೆ ಸೇರಿಸಿದೆವು. ಹನ್ನೊಂದು ಸೆಕೆಂಡು, 176 ಫ್ರೇಮು. ಚಿತ್ರ ಏಳು ನಿಮಿಷ ಐವತ್ತೊಂದು ಸೆಕೆಂಡು ಆಯಿತು. ಅಜ್ಜನ ಮಗ ಇನ್ನೊಮ್ಮೆ ನೋಡಿ, ಒಳಗೆ ಹೋಗಿ, ಅದೇ ವರ್ಷದ ಜೋನಿಬೆಲ್ಲದ ಒಂದು ಡಬ್ಬ ತಂದು ಶಿಷ್ಯನ ಕಾರಿನಲ್ಲಿಟ್ಟರು.